ಪರೀಕ್ಷೆಗೆ ಪ್ರೋಗ್ರಾಮೆಬಲ್ ಕ್ಯಾಲ್ಕ್ಯುಲೇಟರ್ ಬೇಕೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿಂದ ಎಂಜಿನಿಯರಿಂಗ್ ಸೇರುವ ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಕೈಲೆಕ್ಕದಲ್ಲೇ ಪಳಗಿದವರು. ಸಿಇಟಿ ಕೊಠಡಿಗೂ ಕ್ಯಾಲ್ಕ್ಯುಲೇಟರ್ ಬಿಡುವುದಿಲ್ಲ. ಕಾಲೇಜು ಸೇರಿದ ಮೇಲೆ ಸೀನಿಯರ್‌ಗಳಿಂದ ಬರುವ ಮೊದಲ ಸಲಹೆಗಳಲ್ಲಿ ಒಂದು, ‘ಒಂದು ಎಫ್‌ಎಕ್ಸ್ 991 ತಗೊಂಡ್‌ಬಿಡು.’ ಈ ಕ್ಯಾಸಿಯೊ ಯಂತ್ರ ಪರೀಕ್ಷೆಗೆ ನಡೆಯುತ್ತದೆ, ಪ್ರೋಗ್ರಾಂ ತುಂಬಿಸಿಡಬಹುದಾದ ಕ್ಯಾಲ್ಕ್ಯುಲೇಟರ್ ನಡೆಯುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಇರುವ ನಿಯಮ ಇದು. ಆದರೆ ಎರಡರ ನಡುವಿನ ಗೆರೆ ನಾವು ಅಂದುಕೊಂಡಷ್ಟು ದಪ್ಪವಾಗಿಲ್ಲ.

ಒಂದು ಸಂಖ್ಯೆಯ ಘನದಿಂದ ಅದರ ಎರಡರಷ್ಟನ್ನು ಕಳೆದು, ಮತ್ತೆ 5 ಕಳೆದರೆ ಸೊನ್ನೆ ಬರಬೇಕು. ಆ ಸಂಖ್ಯೆ ಯಾವುದು? ನ್ಯೂಟನ್ ತನ್ನ ವಿಧಾನ ವಿವರಿಸಲು ಆರಿಸಿಕೊಂಡ ಲೆಕ್ಕವೇ ಇದು. ನ್ಯೂಟನ್-ರಾಫ್ಸನ್ ವಿಧಾನದ ಹೆಸರಿನಲ್ಲಿ ಈ ಜಾತಿಯ ಲೆಕ್ಕ ಇಂದಿಗೂ ಎಂಜಿನಿಯರಿಂಗ್ ಗಣಿತದಲ್ಲಿದೆ. 2ರಿಂದ ಹೊರಟರೆ ಮೊದಲ ಸುತ್ತಿಗೆ 2.1, ಎರಡನೆಯದಕ್ಕೆ 2.094568, ಮೂರನೆಯದಕ್ಕೆ 2.094551. ಎಫ್‌ಎಕ್ಸ್ 991ರಲ್ಲಿ 2, ಸಮ ಚಿಹ್ನೆ ಒತ್ತಿ, ಸೂತ್ರದಲ್ಲಿ ಸಂಖ್ಯೆ ಬರುವ ಕಡೆಯೆಲ್ಲ ‘ಆ್ಯನ್ಸ್’ ಕೀಲಿ ಹಾಕಿಟ್ಟರೆ, ಆಮೇಲೆ ಸಮ ಚಿಹ್ನೆ ಒತ್ತುತ್ತ ಹೋದರಾಯಿತು. ಪ್ರತಿ ಒತ್ತಿಗೆ ಒಂದು ಸುತ್ತು ಮುಗಿಯುತ್ತದೆ. ಇದು ಪ್ರೋಗ್ರಾಂ ಅಲ್ಲದೆ ಮತ್ತೇನು? ಅಷ್ಟೂ ಬೇಡವೆಂದರೆ ‘ಸಾಲ್ವ್’ ಕೀಲಿ ಇದೆ. ಅದರೊಳಗೆ ಕೂತಿರುವುದೂ ನ್ಯೂಟನ್ ವಿಧಾನವೇ.

ನಿಜವಾದ ಪ್ರೋಗ್ರಾಮೆಬಲ್ ಯಂತ್ರಕ್ಕೆ ಇನ್ನೂ ಎರಡು ಶಕ್ತಿಗಳಿವೆ. ‘ಉತ್ತರ ಇಷ್ಟು ಹತ್ತಿರ ಬರುವವರೆಗೆ ಸುತ್ತು ಹೊಡಿ’ ಎಂಬ ಷರತ್ತನ್ನು ಅದು ತಾನೇ ಪಾಲಿಸುತ್ತದೆ. ಕೊಟ್ಟ ಆದೇಶಗಳನ್ನು ಸ್ವಿಚ್ ಆರಿಸಿದ ಮೇಲೂ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. 1974ರಲ್ಲಿ ಬಂದ ಎಚ್‌ಪಿ-65ರಲ್ಲಿ ಪ್ರೋಗ್ರಾಮನ್ನು ಪುಟ್ಟ ಮ್ಯಾಗ್ನೆಟಿಕ್ ಕಾರ್ಡಿಗೆ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಪರೀಕ್ಷಾ ವಿಭಾಗಕ್ಕೆ ತಲೆನೋವು ಈ ಎರಡನೆಯ ಶಕ್ತಿಯದು. ಸೂತ್ರ, ವ್ಯಾಖ್ಯೆ, ಬಿಡಿಸಿದ ಲೆಕ್ಕ ಎಲ್ಲವನ್ನೂ ಅದರಲ್ಲಿ ತುಂಬಿಸಿ ತರಬಹುದು. ಚೀಟಿ ಸಿಕ್ಕಿಬೀಳುತ್ತದೆ, ಮೆಮೊರಿ ಸಿಕ್ಕಿಬೀಳುವುದಿಲ್ಲ.

ಹಾಗೆಂದು ನೆನಪಿನ ಸಹಾಯವೇ ಪಾಪ ಎನ್ನುವಂತಿಲ್ಲ. ಉತ್ತರಪತ್ರಿಕೆಯಲ್ಲಿ 42+8=50 ಎಂದು ಬರೆದರೂ ಅಕ್ರಮವೆಂದು ಪ್ರಶ್ನೆಪತ್ರಿಕೆಯ ಅಂಚಿನಲ್ಲೇ ಎಚ್ಚರಿಸುವ ವಿಟಿಯು, ಕಾಂಕ್ರೀಟ್ ವಿನ್ಯಾಸದ ಪರೀಕ್ಷೆಗೆ ಐಎಸ್ 456 ಸಂಹಿತೆಯನ್ನೂ ಯಂತ್ರ ವಿನ್ಯಾಸಕ್ಕೆ ಡೇಟಾ ಹ್ಯಾಂಡ್‌ಬುಕ್ಕನ್ನೂ ಒಳಗೆ ಬಿಡುತ್ತದೆ. ಕೋಷ್ಟಕ ಬಾಯಿಪಾಠ ಮಾಡುವುದು ಎಂಜಿನಿಯರನ ಕೆಲಸವಲ್ಲ ಎಂದು ಅಲ್ಲಿ ಒಪ್ಪಿಕೊಂಡಾಗಿದೆ. ಆದರೆ ಆ ಪುಸ್ತಕ ಎಲ್ಲರ ಕೈಯಲ್ಲೂ ಒಂದೇ. ಪ್ರೋಗ್ರಾಮೆಬಲ್ ಯಂತ್ರದೊಳಗೆ ಇರುವುದು ಅವರವರ ಖಾಸಗಿ ಸರಕು. ಬೆಲೆಯೂ 991ರ ಹಲವು ಪಟ್ಟು. ಮಳೆ ನಂಬಿ ಶೇಂಗಾ ಬಿತ್ತುವ ಮನೆಯ ಮಗು, ಪಟ್ಟಣದ ಅನುಕೂಲಸ್ಥರ ಮಗು ಇಬ್ಬರೂ ಬರೆಯುವುದು ಒಂದೇ ಪತ್ರಿಕೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಅಪಾಯ ಬೇರೆ. ಮಧುಗಿರಿಯ ಏಕಶಿಲಾ ಬೆಟ್ಟದಂಥ ಬಂಡೆಯೊಂದರ ತುದಿ, ಅದರ ನೇರ ಕೆಳಗಿನ ಬಿಂದುವಿನಿಂದ 500 ಮೀಟರ್ ದೂರದಲ್ಲಿ ನಿಂತವನಿಗೆ 35 ಡಿಗ್ರಿ ಮೇಲೆ ಕಾಣುತ್ತದೆ ಎನ್ನೋಣ. 500ನ್ನು ಟ್ಯಾನ್ 35ರಿಂದ ಗುಣಿಸಿದರೆ ಎತ್ತರ ಸುಮಾರು 350 ಮೀಟರ್. ಕ್ಯಾಲ್ಕ್ಯುಲೇಟರ್ ಡಿಗ್ರಿಯ ಬದಲು ರೇಡಿಯನ್ ಮೋಡ್‌ನಲ್ಲಿದ್ದರೆ ಬರುವುದು ಸುಮಾರು 237 ಮೀಟರ್. ಮೈನಸ್ ಬಂದಿದ್ದರೆ ಯಾರಾದರೂ ಬೆಚ್ಚಿಬೀಳುತ್ತಿದ್ದರು. 237 ಕೂಡ ಬೆಟ್ಟಕ್ಕೆ ಒಪ್ಪುವ ಸಂಖ್ಯೆಯೇ, ಹಾಗಾಗಿ ಕಣ್ಣಿಗೆ ಬೀಳದೆ ಉತ್ತರಪತ್ರಿಕೆಗೆ ಇಳಿಯುತ್ತದೆ. 45 ಡಿಗ್ರಿಗೆ ಟ್ಯಾನ್ ಬೆಲೆ 1, 30ಕ್ಕೆ ಸುಮಾರು 0.58, ಆದ್ದರಿಂದ ಉತ್ತರ 290ಕ್ಕೂ 500ಕ್ಕೂ ನಡುವೆ ಇರಲೇಬೇಕು ಎಂದು ತಲೆಯಲ್ಲೇ ಅಂದಾಜು ಮಾಡಿದವನು ಮಾತ್ರ ತಪ್ಪು ಹಿಡಿಯುತ್ತಾನೆ. ಪ್ರೋಗ್ರಾಂ ಒಳಗೆ ಅಡಗಿದ ಇಂಥ ತಪ್ಪಂತೂ ಮೂರು ಗಂಟೆಯ ಗಡಿಬಿಡಿಯಲ್ಲಿ ಕೈಗೆ ಸಿಗುವುದು ಕಷ್ಟ.

ಈ ಅಂದಾಜಿನ ಶಿಸ್ತಿಗೆ ಪಾವಗಡದ ನಂಟೂ ಇದೆ. 19ನೇ ಶತಮಾನದ ಆರಂಭದಲ್ಲಿ ಭೂಮಿಯ ಆಕಾರ ತಿಳಿಯಲು ವಿಲಿಯಂ ಲ್ಯಾಂಬ್ಟನ್ ದಕ್ಷಿಣೋತ್ತರವಾಗಿ ತ್ರಿಕೋನಗಳ ಸರಪಳಿ ಹೆಣೆದರು. ನಕ್ಷತ್ರ ನೋಡಿ ಅಕ್ಷಾಂಶ ಅಳೆದ ಠಾಣೆಗಳಲ್ಲಿ ಬೆಂಗಳೂರಿನ ದೊಡ್ಡಗುಂಟದ ಜೊತೆಗೆ ಪಾವಗಡವೂ ಒಂದು. ಲೆಕ್ಕಕ್ಕೆ ಇದ್ದದ್ದು ಲಾಗರಿದಮ್ ಕೋಷ್ಟಕ, ಕಾಗದ, ಲೇಖನಿ. ಅಂಥ ಭೂಮಾಪನದಲ್ಲಿ ತ್ರಿಕೋನದ ಮೂರು ಕೋನಗಳನ್ನು ಕೂಡಿಸಿದರೆ, ಭೂಮಿ ದುಂಡಗಿರುವ ಕಾರಣ, 180 ಡಿಗ್ರಿಗಿಂತ ಒಂದು ಚೂರು ಹೆಚ್ಚು ಬರಬೇಕು. ಎಷ್ಟು ಹೆಚ್ಚು ಎಂಬುದೂ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಹೊಂದದಿದ್ದರೆ ಅಳತೆ ತಪ್ಪಿದೆ ಎಂದೇ ಅರ್ಥ.

ಪ್ರಶ್ನೆಪತ್ರಿಕೆಗಳು ಕೇಳಬೇಕಾದ್ದೂ ಇಂಥ ತಾಳೆ ನೋಡುವ ಬುದ್ಧಿಯನ್ನೇ. ಅದೇ ಪಾವಗಡದಲ್ಲಿ ಈಗ ಸುಮಾರು 13,000 ಎಕರೆಯ, 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ರೈತರ ಜಮೀನನ್ನು ಗುತ್ತಿಗೆಗೆ ಪಡೆದಾಗ ನಿಗದಿಯಾದದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. 25ನೇ ವರ್ಷದ ಬಾಡಿಗೆ ಎಷ್ಟು? ಏರಿಕೆ 12 ಸಲ, ಹಾಗಾಗಿ ಸುಮಾರು 37,700 ರೂಪಾಯಿ. ಏರಿಕೆ ಪ್ರತಿ ವರ್ಷವೆಂದು ಅವಸರದಲ್ಲಿ ಓದಿಕೊಂಡರೆ 67,700 ಬರುತ್ತದೆ. ಎರಡನ್ನೂ ಯಂತ್ರ ಒಂದೇ ಚುರುಕಿನಲ್ಲಿ, ಒಂದೇ ಖಚಿತತೆಯಲ್ಲಿ ತೋರಿಸುತ್ತದೆ. ಘಾತ 12 ಎಂದು ಗೊತ್ತುಮಾಡುವುದು ವಿದ್ಯಾರ್ಥಿ. ಅಂಕ ಕೊಡಬೇಕಾದ್ದು ಅದಕ್ಕೆ.

ಗೇಟ್ ಪರೀಕ್ಷೆಯವರು ಕಂಪ್ಯೂಟರ್ ಪರದೆಯ ಮೇಲೆಯೇ ಎಲ್ಲರಿಗೂ ಒಂದೇ ಕ್ಯಾಲ್ಕ್ಯುಲೇಟರ್ ಕೊಟ್ಟು ಜಗಳ ಮುಗಿಸಿದ್ದಾರೆ. ಕಾಗದದ ಮೇಲೆ ಬರೆಸುವ ನಮ್ಮ ವಿಶ್ವವಿದ್ಯಾಲಯಗಳಿಗೆ ಸದ್ಯಕ್ಕೆ ಅದು ದೂರದ ಮಾತು. ನನ್ನ ಅಭಿಪ್ರಾಯ ಇಷ್ಟು: ಲ್ಯಾಬ್ ಪರೀಕ್ಷೆ, ಪ್ರಾಜೆಕ್ಟುಗಳಲ್ಲಿ ಪ್ರೋಗ್ರಾಂ ಧಾರಾಳವಾಗಿ ಬರೆಸಲಿ, ಬರೆದದ್ದಕ್ಕೆ ಅಂಕವೂ ಸಿಗಲಿ. ಥಿಯರಿ ಪರೀಕ್ಷೆಗೆ 991 ಸಾಕು, ಪ್ರೋಗ್ರಾಮೆಬಲ್ ಹೊರಗೇ ಇರಲಿ. ಪತ್ರಿಕೆ ತೆಗೆಯುವ ಮೇಷ್ಟ್ರುಗಳು ‘ಮೂರು ಸುತ್ತು ಮಾಡಿ’ ಎಂಬಲ್ಲಿಗೆ ನಿಲ್ಲಿಸದೆ ‘ಈ ಉತ್ತರ ನಂಬಬಹುದೇ, ಏಕೆ?’ ಎಂದೂ ಒಂದು ಸಾಲು ಸೇರಿಸಲಿ. ವಿದ್ಯಾರ್ಥಿಗಳೇ, ಪತ್ರಿಕೆ ಕೈಗೆ ಬರುವ ಮೊದಲು ಸೈನ್ 30 ಒತ್ತಿ ನೋಡಿಕೊಳ್ಳಿ. 0.5 ಬರದಿದ್ದರೆ ಮೊದಲು ಮೋಡ್ ಸರಿಮಾಡಿಕೊಳ್ಳಿ.