ಕೊಳವೆಬಾವಿಯ ಮೋಟಾರು ಏಕೆ ಸುಡುತ್ತದೆ: ವೋಲ್ಟ್, ಆಂಪಿಯರ್‌ಗಳಿಂದ ರೋಧ ಹಾಗೂ ಸಾಮರ್ಥ್ಯದ ಲೆಕ್ಕ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಖರ್ಚಿನ ವಿವರ ಓದುವಾಗ ಮತ್ತೆ ಮತ್ತೆ ಕೇಳಿಬರುವ ಬಾಬ್ತೆಂದರೆ ಕುಡಿಯುವ ನೀರಿನ ಮೋಟಾರಿನ ರಿವೈಂಡಿಂಗ್. ಮೋಟಾರು ಎತ್ತಿಸಿದ ಕೂಲಿ, ಕಾಯಿಲ್ ಸುತ್ತಿಸಿದ ಬಿಲ್ಲು, ಮರಳಿ ಇಳಿಸಿದ ಕೂಲಿ, ಅಷ್ಟೂ ದಿನ ಟ್ಯಾಂಕರ್ ನೀರಿನ ವೆಚ್ಚ. ಬಿಲ್ಲು ಮಂಜೂರಾಗುತ್ತದೆ, ಮೋಟಾರು ಏಕೆ ಸುಟ್ಟಿತೆಂಬ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗುವುದು ಅಪರೂಪ. ಆದರೆ ಅದರ ಸುಳಿವು ಅನೇಕ ವೇಳೆ ಪಂಪ್‌ಹೌಸಿನ ಪ್ಯಾನಲ್ ಬೋರ್ಡಿನ ಮೇಲಿರುವ ಎರಡು ಮಾಪಕಗಳಲ್ಲಿಯೇ ಇರುತ್ತದೆ.

ಒಂದು ಮಾಪಕ ವೋಲ್ಟನ್ನು, ಅಂದರೆ ವಿದ್ಯುತ್ತನ್ನು ತಳ್ಳುವ ಒತ್ತಡವನ್ನು ತೋರಿಸುತ್ತದೆ. ಇನ್ನೊಂದು ಆಂಪಿಯರನ್ನು, ಅಂದರೆ ಹರಿಯುತ್ತಿರುವ ಪ್ರವಾಹವನ್ನು ತೋರಿಸುತ್ತದೆ. ಹರಿವಿಗೆ ತಂತಿ ಒಡ್ಡುವ ಅಡೆತಡೆಯೇ ರೋಧ. ಅದರ ಅಳತೆ ಓಮ್. ಜರ್ಮನಿಯ ಶಿಕ್ಷಕ ಗೇಯಾರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟ್. ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಬಿಲ್ಲಿನಲ್ಲಿ ಒಂದು ಯೂನಿಟ್.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ತಂತಿ, ಹೀಟರುಗಳಿಗೆ ಈ ನಿಯಮ ನೇರವಾಗಿ ಒಪ್ಪುತ್ತದೆ. ತಿರುಗುತ್ತಿರುವ ಮೋಟಾರಿಗೆ ಒಪ್ಪುವುದಿಲ್ಲ. 220 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುವ ಮೋಟಾರಿನ ಕಾಯಿಲಿನ ರೋಧ 22 ಓಮ್ ಎಂದು ತಿಳಿಯಬಾರದು. ನಿಲ್ಲಿಸಿ ಅಳೆದರೆ ಅದು ಇದಕ್ಕಿಂತ ಬಹಳ ಕಡಿಮೆ ಇರುತ್ತದೆ. ಸಾಮರ್ಥ್ಯದ ಲೆಕ್ಕದಲ್ಲಿಯೂ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದ ಗುಣಿಸಬೇಕು. ಅದು 0.9 ಎಂದಿಟ್ಟುಕೊಂಡರೆ ಈ ಮೋಟಾರು 1,980 ವ್ಯಾಟ್, ಗಂಟೆಗೆ ಹೆಚ್ಚುಕಡಿಮೆ 2 ಯೂನಿಟ್ ಬಳಸುತ್ತದೆ. ದಿನಕ್ಕೆ 8 ಗಂಟೆ ನಡೆದರೆ 30 ದಿನಕ್ಕೆ ಸುಮಾರು 475 ಯೂನಿಟ್. ಬಿಲ್ಲಿನ ಅಂಕಿ ಇದಕ್ಕಿಂತ ಬಹಳ ದೂರವಿದ್ದರೆ ವಿಚಾರಿಸಲು ಕಾರಣವಿದೆ. ತ್ರೀ ಫೇಸ್ ಮೋಟಾರಾದರೆ ಎರಡು ಫೇಸುಗಳ ನಡುವಿನ ವೋಲ್ಟನ್ನು ಹಿಡಿದು, ಗುಣಲಬ್ಧವನ್ನು ಇನ್ನೊಮ್ಮೆ 1.732ರಿಂದ ಗುಣಿಸಬೇಕು.

ಈಗ ಮುಖ್ಯ ವಿಷಯ. ಮಾಪಕ ತೋರಿಸುವುದು ಪ್ಯಾನಲಿನ ವೋಲ್ಟನ್ನು. ಮೋಟಾರು ಇರುವುದು ಬಾವಿಯ ಆಳದಲ್ಲಿ. ಅಲ್ಲಿಗೆ ಮೀಟರು ಇಳಿಸಿ ನೋಡಲಾಗದು, ಆದರೆ ಲೆಕ್ಕ ಹಾಕಬಹುದು. ಪ್ಯಾನಲಿನಿಂದ ಮೋಟಾರಿನವರೆಗೆ 150 ಮೀಟರ್ ಕೇಬಲ್ ಇದೆ ಎನ್ನೋಣ. ಪ್ರವಾಹ ಒಂದು ತಂತಿಯಲ್ಲಿ ಇಳಿದು ಇನ್ನೊಂದರಲ್ಲಿ ಮರಳುವುದರಿಂದ ಒಟ್ಟು ಉದ್ದ 300 ಮೀಟರ್. 2.5 ಸ್ಕ್ವೇರ್ ಎಂ.ಎಂ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್ ರೋಧವಿರುತ್ತದೆ. 300 ಮೀಟರಿಗೆ 2.2 ಓಮ್. ಅದರಲ್ಲಿ 10 ಆಂಪಿಯರ್ ಹರಿದರೆ 22 ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. ಪ್ಯಾನಲಿನಲ್ಲಿ 220 ಇದ್ದರೂ ಮೋಟಾರಿಗೆ ಸಿಗುವುದು 198. (ಸಿಂಗಲ್ ಫೇಸ್ ಪಂಪಿನ ಸ್ಟಾರ್ಟಿಂಗ್ ತಂತಿಯ ಪಾಲನ್ನು ಸರಳತೆಗಾಗಿ ಇಲ್ಲಿ ಬಿಟ್ಟಿದೆ.)

ಸಂಜೆ ಊರಿನ ಎಲ್ಲ ಮನೆಗಳಲ್ಲಿ ದೀಪ, ಮಿಕ್ಸಿ, ಟಿ.ವಿ. ಹೊತ್ತಿಕೊಂಡಾಗ ಪ್ಯಾನಲಿನ ವೋಲ್ಟೇ 190ಕ್ಕೆ ಇಳಿದಿದೆ ಎಂದುಕೊಳ್ಳಿ. ಎತ್ತಬೇಕಾದ ನೀರು ಅಷ್ಟೇ ಇರುವುದರಿಂದ ಮೋಟಾರು ಕಡಿಮೆ ಒತ್ತಡವನ್ನು ಹೆಚ್ಚಿನ ಪ್ರವಾಹದಿಂದ ತುಂಬಿಕೊಳ್ಳಲು ನೋಡುತ್ತದೆ. ಅದು 12 ಆಂಪಿಯರ್ ಎಳೆದರೆ ಕೇಬಲಿನಲ್ಲಿ 26.4 ವೋಲ್ಟ್ ನಷ್ಟ; ಮೋಟಾರಿಗೆ ಉಳಿಯುವುದು 164 ವೋಲ್ಟೂ ಇಲ್ಲ. ಕಾಯಿಲಿನ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹತ್ತರ ವರ್ಗ 100, ಹನ್ನೆರಡರ ವರ್ಗ 144. ಪ್ರವಾಹ ಐದನೇ ಒಂದು ಪಾಲು ಹೆಚ್ಚಿದರೆ ಶಾಖ ಶೇ. 44ರಷ್ಟು ಹೆಚ್ಚುತ್ತದೆ. ಕಾಯಿಲಿನ ನಿರೋಧಕ ಲೇಪ ಕರಗುವುದು ಇಂತಹ ಸಂಜೆಗಳಲ್ಲಿ.

ಇದೇ ಬಾವಿಗೆ 4 ಸ್ಕ್ವೇರ್ ಎಂ.ಎಂ. ಕೇಬಲ್ ಹಾಕಿದ್ದರೆ ರೋಧ ಸುಮಾರು 1.4 ಓಮ್. 10 ಆಂಪಿಯರಿನಲ್ಲಿ ನಷ್ಟ 22ರ ಬದಲು 14 ವೋಲ್ಟ್. ಕೇಬಲಿನಲ್ಲಿ ವ್ಯರ್ಥವಾಗುವ ಸಾಮರ್ಥ್ಯ 220ರ ಬದಲು 140 ವ್ಯಾಟ್. ಬಿಲ್ಲಿನಲ್ಲಿ ಉಳಿಯುವುದು ತಿಂಗಳಿಗೆ 19 ಯೂನಿಟ್ ಮಾತ್ರ, ಅದನ್ನು ದೊಡ್ಡ ಉಳಿತಾಯವೆಂದು ಹೇಳಲಾಗದು. ನಿಜವಾದ ಲಾಭ ಮೋಟಾರಿಗೆ ಸಿಗುವ ಹೆಚ್ಚುವರಿ 8 ವೋಲ್ಟ್. ಬಾವಿಗಳು ಆಳವಾಗುತ್ತ ಹೋದಂತೆ ಹಳೆಯ ಕೇಬಲಿಗೇ ತುಂಡು ಸೇರಿಸಿ ಜಾಯಿಂಟ್ ಹಾಕುವ ರೂಢಿಯಿದೆ. ಉದ್ದದೊಡನೆ ರೋಧವೂ ಬೆಳೆಯುತ್ತದೆ. ಸಡಿಲ ಜಾಯಿಂಟಿನ ರೋಧ ಲೆಕ್ಕಕ್ಕೂ ಸಿಗದು.

ನೀರುಗಂಟಿಯವರು ಬೆಳಿಗ್ಗೆ, ಸಂಜೆ ಪಂಪು ನಡೆಯುವಾಗ ಎರಡೂ ಮಾಪಕಗಳ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು, ಪ್ಯಾನಲ್ ತೆರೆಯುವ ಅಗತ್ಯವಿಲ್ಲ, ತೆರೆಯಲೂ ಕೂಡದು. ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರನ್ನು ಪುಸ್ತಕದ ಮೊದಲ ಪುಟದಲ್ಲಿ ನಮೂದಿಸಿರಬೇಕು. ಅದಕ್ಕಿಂತ ಸತತವಾಗಿ ಹೆಚ್ಚು ತೋರಿಸಿದರೆ ವೋಲ್ಟಿನ ಕೊರತೆ ಅಥವಾ ಪಂಪಿನಲ್ಲಿ ಬಿಗಿತ. ಎಂದಿಗಿಂತ ತೀರಾ ಕಡಿಮೆ ತೋರಿಸಿದರೆ ಬಾವಿಯಲ್ಲಿ ನೀರು ತಗ್ಗಿ ಪಂಪು ಒಣಗಿ ತಿರುಗುತ್ತಿರಬಹುದು, ಕೂಡಲೇ ನಿಲ್ಲಿಸಬೇಕು. ಓವರ್‌ಲೋಡ್ ರಿಲೇ ಮತ್ತೆ ಮತ್ತೆ ಟ್ರಿಪ್ ಆಗುತ್ತದೆಂದು ಅದರ ಸೆಟ್ಟಿಂಗ್ ಏರಿಸುವುದು ಸುಟ್ಟ ಮೋಟಾರಿಗೆ ನೇರ ದಾರಿ.

ಮುಂದಿನ ಸಭೆಗೆ ರಿವೈಂಡಿಂಗ್ ಬಿಲ್ಲು ಬಂದಾಗ ಅದರೊಡನೆ ಲಾಗ್ ಪುಸ್ತಕದ ಹಿಂದಿನ ಹದಿನೈದು ದಿನಗಳ ಪುಟಗಳನ್ನೂ ಮಂಡಿಸುವಂತೆ ಸದಸ್ಯರು ಕೇಳಬಹುದು. ಹೊಸ ಕೊಳವೆಬಾವಿಯ ಅಂದಾಜು ಪಟ್ಟಿಯಲ್ಲಿ ಮೋಟಾರಿನ ಎಚ್.ಪಿ.ಯಷ್ಟೇ ಅಲ್ಲದೆ ಕೇಬಲಿನ ಉದ್ದ, ದಪ್ಪ ಹಾಗೂ ಪೂರ್ಣ ಪ್ರವಾಹದಲ್ಲಿ ಆಗುವ ವೋಲ್ಟ್ ನಷ್ಟವನ್ನೂ ನಮೂದಿಸುವಂತೆ ಎಂಜಿನಿಯರರನ್ನು ಕೋರಬಹುದು.