ಮೆಣಸಿಗೆ ಮಿತ್ರ, ಅಣಬೆಗೆ ಶತ್ರು

ಪಾಲಿಬೆಟ್ಟದ ಸುತ್ತಮುತ್ತಲ ಕಾಫಿ ತೋಟಗಳಲ್ಲಿ ಟ್ರೈಕೋಡರ್ಮಾ ಹೆಸರು ಕೇಳದವರು ಕಡಿಮೆ. ಕರಿಮೆಣಸಿನ ಬಳ್ಳಿಗೆ ಬರುವ ಶೀಘ್ರ ಸೊರಗು ರೋಗವನ್ನು ತಡೆಯಲು ಈ ಹಸಿರು ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕುತ್ತಾರೆ. ಅಪ್ಪಂಗಳದಲ್ಲಿ ಪ್ರಾದೇಶಿಕ ಕೇಂದ್ರ ಹೊಂದಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸೂ ಇದೇ. ಆದರೆ ಅದೇ ಮನೆಯಲ್ಲಿ ಚಿಪ್ಪು ಅಣಬೆ ಬೆಳೆಸಿದರೆ ಈ ಮಿತ್ರನ ಕುಲವೇ ಶತ್ರುವಾಗಿ ನಿಲ್ಲುತ್ತದೆ. ಹುಲ್ಲಿನ ಚೀಲದಲ್ಲಿ ಬೆಳ್ಳಗೆ ಹಬ್ಬಬೇಕಾದ ಎಳೆಗಳ ನಡುವೆ ಹಸಿರು ಬೂಷ್ಟು ಹರಡಿತೆಂದರೆ ಆ ಚೀಲದ ಬೆಳೆ ಕೈಬಿಟ್ಟಂತೆಯೇ.

ಹೀಗೇಕೆ? ಟ್ರೈಕೋಡರ್ಮಾ ಬೇರೆ ಶಿಲೀಂಧ್ರಗಳ ಮೇಲೆ ದಾಳಿ ಮಾಡುವ ಶಿಲೀಂಧ್ರ. ಅಣಬೆಯೂ ಶಿಲೀಂಧ್ರವೇ ಅಲ್ಲವೇ? ಔಷಧಿ ಸಿಂಪಡಿಸೋಣವೆಂದರೂ ಇದೇ ತೊಡಕು. ಬೂಷ್ಟನ್ನು ಕೊಲ್ಲುವ ಶಿಲೀಂಧ್ರನಾಶಕ ಅಣಬೆಗೂ ಪೆಟ್ಟು ಕೊಡಬಹುದು. ಅದರ ಅಂಶ ನಮ್ಮ ಊಟದ ತಟ್ಟೆಗೂ ಬರಬಹುದು.

ಇಲ್ಲಿ ನೆರವಿಗೆ ಬರುವುದು ಬ್ಯಾಕ್ಟೀರಿಯಾ. 1980ರ ದಶಕದಲ್ಲಿ ಐರ್ಲೆಂಡ್ ಮತ್ತು ಬ್ರಿಟನ್‌ಗಳಲ್ಲಿ ಹಸಿರು ಬೂಷ್ಟು ಬಟನ್ ಅಣಬೆಗೆ ಭಾರಿ ನಷ್ಟ ತಂದಿತು. ಮುಂದೆ ಫ್ರಾನ್ಸಿನ ಅಣಬೆ ಕೃಷಿಯಲ್ಲಿ ಅದರ ವಿರುದ್ಧ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬಳಕೆಗೆ ಬಂದಿತು. ಅದು ಬೂಷ್ಟಿಗಿಂತ ಮೊದಲೇ ಜಾಗ, ಆಹಾರಗಳನ್ನು ಹಿಡಿದುಕೊಳ್ಳುತ್ತದೆ. ಬೂಷ್ಟಿನ ಜೀವಕೋಶದ ಪೊರೆಯನ್ನು ತೂತು ಮಾಡುವ ವಸ್ತುಗಳನ್ನೂ ಸ್ರವಿಸುತ್ತದೆ. ಅಣಬೆಗೆ ಹೆಚ್ಚು ತೊಂದರೆ ಕೊಡದ ತಳಿಯನ್ನು ಆರಿಸುವುದೇ ಜಾಣತನ. ಏಕೆಂದರೆ ಎಲ್ಲ ಬ್ಯಾಕ್ಟೀರಿಯಾಗಳೂ ಉಪಕಾರಿಗಳಲ್ಲ. ಸ್ಯೂಡೋಮೊನಾಸ್ ಟೊಲಾಸಿ ಎಂಬುದು ಅಣಬೆಯ ಕೊಡೆಯ ಮೇಲೆ ಕಂದು ಕಲೆ ಎಬ್ಬಿಸುತ್ತದೆ.

ಮನೆಯಲ್ಲಿ ಅಣಬೆ ಬೆಳೆಯುವವರು ತಿಳಿಯದೆಯೇ ಬ್ಯಾಸಿಲಸ್‌ನ ಸಹಾಯ ಪಡೆಯುತ್ತಿರುತ್ತಾರೆ. ನೆನೆಸಿದ ಭತ್ತದ ಹುಲ್ಲನ್ನು ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಡುತ್ತಾರಷ್ಟೆ. ಆಗ ಬೂಷ್ಟಿನ ಬೀಜಕಣಗಳು ಬಹುಪಾಲು ಸಾಯುತ್ತವೆ. ಹುಲ್ಲಿನಲ್ಲೇ ಇರುವ ಬ್ಯಾಸಿಲಸ್ ಮಾತ್ರ ಗಟ್ಟಿ ಕವಚದೊಳಗೆ ಬದುಕಿ ಉಳಿದು, ಹುಲ್ಲು ತಣಿದ ಮೇಲೆ ಎಚ್ಚೆತ್ತು ಬೂಷ್ಟಿಗೆ ಎದುರು ನಿಲ್ಲುತ್ತದೆ.

ಈ ಕಾವಲಿನ ಜೊತೆಗೆ ನಮ್ಮ ಎಚ್ಚರಿಕೆಯೂ ಬೇಕು. ಮೆಣಸಿಗೆ ತಂದ ಟ್ರೈಕೋಡರ್ಮಾ ಪೊಟ್ಟಣವನ್ನು ಅಣಬೆ ಕೋಣೆಯ ಹತ್ತಿರ ಬಿಚ್ಚಬಾರದು. ಅದನ್ನು ಮುಟ್ಟಿದ ದಿನ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಅಣಬೆ ಬೀಜ ಹಾಕಬೇಕು. ಹಸಿರು ಹರಡಿದ ಚೀಲವನ್ನು ಒಳಗೆ ಬಿಚ್ಚದೆ ದೂರ ಒಯ್ದು, ಹುಲ್ಲನ್ನು ಮಣ್ಣಿನಲ್ಲಿ ಹೂಳಬೇಕು.

ಹುಲ್ಲನ್ನು ಬಿಸಿನೀರಿಗೆ ಹಾಕುವ ದಿನ ಮಕ್ಕಳೂ ಜೊತೆಗಿರಲಿ. ಹಿರಿಯರು ಥರ್ಮಾಮೀಟರ್ ಹಿಡಿಯಲಿ, ಮಕ್ಕಳು ಉಷ್ಣಾಂಶ, ಸಮಯ ಬರೆದಿಡಲಿ. ಯಾವ ಚೀಲ ಬೆಳ್ಳಗಾಯಿತು, ಯಾವುದು ಹಸಿರಾಯಿತು ಎಂಬ ಲೆಕ್ಕ ಮುಂದಿನ ಸಲ ಹುಲ್ಲು ನೆನೆಸುವಾಗ ಉಪಯೋಗಕ್ಕೆ ಬರುತ್ತದೆ.