ರಹೀಂ ಸಾಹೇಬರಿಗೆ ನೂರಕ್ಕೆ ಎಷ್ಟು ಅಂಕ?

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡಿ. ಒಬ್ಬ ತರಬೇತುದಾರರ ಫುಟ್‌ಬಾಲ್ ತಂಡ ಐದು ದೊಡ್ಡ ಕೂಟಗಳಲ್ಲಿ 15 ಪಂದ್ಯ ಆಡಿತು. 8 ಗೆದ್ದಿತು, 6 ಸೋತಿತು, 1 ಸಮವಾಯಿತು. ಅವರಿಗೆ ನೂರಕ್ಕೆ ಎಷ್ಟು ಅಂಕ ಕೊಡುತ್ತೀರಿ?

ನನ್ನ ಮೊಮ್ಮಗನನ್ನು ಕೇಳಿದೆ. "ಐವತ್ತಮೂರು, ಅಜ್ಜಾ. ಪಾಸ್ ಆಗ್ಯಾರ, ಅಷ್ಟ" ಅಂದ.

ಅವನ ಲೆಕ್ಕ ಸರಿ. ಆದರೆ ಈ ತರಬೇತುದಾರರು ಸೈಯದ್ ಅಬ್ದುಲ್ ರಹೀಂ. ಹೈದರಾಬಾದಿನ ಶಾಲಾ ಮೇಷ್ಟ್ರು. ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆಲ್ಲಿಸಿಕೊಟ್ಟವರು. 1952, 1956, 1960ರ ಒಲಿಂಪಿಕ್ಸ್‌ಗೂ ತಂಡವನ್ನು ಒಯ್ದವರು.

ನಮ್ಮ ಅಮೀನಗಡದ ಕುರಿಸಂತೆಗೆ ಬಂದವರು ಬರೀ ತೂಕ ಕೇಳಿ ಕುರಿ ಕೊಳ್ಳುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ. ತರಬೇತುದಾರರ ದಾಖಲೆಯನ್ನೂ ಹಾಗೆಯೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು, ಎದುರಾಳಿ ಯಾರು? 1951ರಲ್ಲಿ ದೆಹಲಿಯಲ್ಲಿ ಮೂರು ಪಂದ್ಯ ಗೆದ್ದ ನಮ್ಮವರು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತರು. ಚಳಿಯ ನಾಡು, ನಮ್ಮ ಹೆಚ್ಚಿನ ಆಟಗಾರರದು ಬರಿಗಾಲು. ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಆ ಯುಗೊಸ್ಲಾವಿಯಾ ಮುಂದೆ ಫೈನಲ್ ತನಕ ಹೋಯಿತು. ಹಾಗೆಂದು ಹತ್ತು ಗೋಲುಗಳನ್ನು ರಹೀಂ ಖಾತೆಯಿಂದ ಅಳಿಸುವಂತಿಲ್ಲ. ನಾಲ್ಕು ವರ್ಷಗಳ ನಂತರ ಅದೇ ದೇಶದ ತಂಡ ಮತ್ತೆ ಎದುರಾದಾಗ ನಮ್ಮವರು ಬೂಟು ಕಟ್ಟಿದ್ದರು; ಸೋಲು 4-1ಕ್ಕೆ ಇಳಿದಿತ್ತು.

ಎರಡನೆಯದು, ಅದೃಷ್ಟದ ಪಾಲೆಷ್ಟು? 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ನಾಲ್ಕನೇ ಸ್ಥಾನ. ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಆದರೆ ಗೆದ್ದದ್ದು ಒಂದೇ ಪಂದ್ಯ. ಮೊದಲ ಸುತ್ತಿನಲ್ಲಿ ಎದುರಾಗಬೇಕಿದ್ದ ಹಂಗೇರಿ ಹಿಂದೆ ಸರಿಯಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದು ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿದ್ದು ನಿಜವಾದ ಗಳಿಕೆ. 1960ರ ರೋಮ್‌ನಲ್ಲಿ ಒಂದೂ ಗೆಲುವಿಲ್ಲ, ಗುಂಪಿನಲ್ಲೇ ಹೊರಬಿದ್ದೆವು. ಆದರೆ ಕಂಚು ಗೆದ್ದ ಹಂಗೇರಿ ನಮ್ಮನ್ನು ಸೋಲಿಸಿದ್ದು 2-1ರಿಂದ ಮಾತ್ರ. ಫ್ರಾನ್ಸ್ ಜೊತೆ 1-1 ಸಮ. ಸ್ಥಾನ ನೋಡಿದರೆ ಮೆಲ್ಬರ್ನ್ ದೊಡ್ಡದು. ಆಟ ನೋಡಿದರೆ ರೋಮ್ ಕಡಿಮೆಯದಲ್ಲ.

ಮೂರನೆಯದೇ ಮುಖ್ಯ: ಸೋತ ಮೇಲೆ ಏನು ಮಾಡಿದರು? 1962, ಜಕಾರ್ತ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ನಂತರ ಥಾಯ್ಲೆಂಡ್, ಜಪಾನ್, ದಕ್ಷಿಣ ವಿಯೆಟ್ನಾಂ ವಿರುದ್ಧ ಗೆಲುವು. ಫೈನಲ್‌ನಲ್ಲಿ ಮತ್ತದೇ ಕೊರಿಯಾ! ಮೈದಾನದ ತುಂಬ ಜನ ಭಾರತದ ವಿರುದ್ಧ ಕೂಗುತ್ತಿದ್ದರು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿತ್ತು. ರಹೀಂ ಅವರನ್ನು ಮನೆಗೆ ಕಳಿಸಲಿಲ್ಲ, ಜಾಗ ಬದಲಿಸಿ ಮುಂಚೂಣಿಗೆ ತಂದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಭಾರತಕ್ಕೆ 2-1 ಗೆಲುವು, ಚಿನ್ನ.

ಆಗಲೇ ರಹೀಂ ಅವರನ್ನು ಕ್ಯಾನ್ಸರ್ ಹಿಡಿದಿತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ.

ಐವತ್ತಮೂರು ಎಂಬ ಅಂಕ ಸುಳ್ಳಲ್ಲ. ಆದರೆ ಅದು ಹೆಲ್ಸಿಂಕಿಯ ಬರಿಗಾಲನ್ನು ಹೇಳುವುದಿಲ್ಲ, ಜಕಾರ್ತದಲ್ಲಿ ಸೋತವರನ್ನೇ ತಿರುಗಿ ಗೆದ್ದದ್ದನ್ನೂ ಹೇಳುವುದಿಲ್ಲ.

ಅಜ್ಜ-ಅಜ್ಜಿಯರಿಗೆ ನನ್ನದೊಂದು ಮಾತು. ಮೊಮ್ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗ ಹೋದ ಸಲದ್ದನ್ನೂ ಪಕ್ಕದಲ್ಲಿಟ್ಟು ನೋಡಿ. "ಎಷ್ಟು ಬಂತು?" ಎಂದು ಕೇಳಿ, ತಪ್ಪಿಲ್ಲ. ಅದರ ಜೊತೆಗೇ "ಆಗ ತಪ್ಪಿದ ಯಾವ ಲೆಕ್ಕ ಈಗ ಬರುತ್ತದೆ?" ಎಂದೂ ಕೇಳಿ.